ಬಂದ ದಾರಿಯ ಸುಂಕ

ಎಡಕ್ಕೆ ಸಿಗ್ನಲ್ ಹಾಕಿದರೆ ಬಲಗಡೆಯದು ಕಣ್ಣು ಹೊಡೆಯುತ್ತದೆ.
ಬ್ರೇಕ್ ಒತ್ತಿದರೆ, ಉರಿಯುತ್ತಿದ್ದವೂ
ಬೈಸಿಕೊಂಡ ಹಾಗೆ ತಲೆ ತಗ್ಗಿಸುತ್ತವೆ.
ಎಪ್ಪತ್ತನಾಲ್ಕರ ಟ್ರೇಲರ್ ಇದು,
ಮೈನಾಟ್‌ನಲ್ಲಿ ಏಳುನೂರು ಡಾಲರಿಗೆ ಕೊಂಡದ್ದು.
ಮಾರಿದವನು ಹೇಳಿದ್ದ, ಲೈಟಿಗೇನೂ ತೊಂದರೆಯಿಲ್ಲ.
ಹೇಳಿದ್ದು ನಡುಮಧ್ಯಾಹ್ನ ಹನ್ನೆರಡಕ್ಕೆ.

ಇಪ್ಪತ್ತೊಂಬತ್ತು ವರ್ಷ ಸ್ಕೂಲ್ ಬಸ್ಸು ಓಡಿಸಿದವಳು ನಾನು.
ಬೆಳಗಿನ ಐದೂವರೆಗೆ, ಉಸಿರು ಹುಬ್ಬಿನ ಮೇಲೆ ಹೆಪ್ಪುಗಟ್ಟುವಾಗ,
ಬಸ್ಸಿಗೊಂದು ಸುತ್ತು ಬಂದು
ಒಂದೊಂದು ದೀಪದ ಮುಖ ನೋಡದೆ
ಒಂದು ಮಗುವನ್ನೂ ಹತ್ತಿಸಿಕೊಂಡವಳಲ್ಲ.
ಆರ್ಡಿಸ್‌ಳ ಬಸ್ಸು ಅಂದರೆ ಮಂಜಿನಲ್ಲೂ ಕಾಣುತ್ತಿತ್ತು.
ಈಗ ಗ್ರಾಫ್ಟನ್ನಿನಾಚೆ, ಸಕ್ಕರೆ ಬೀಟಿನ ಸುಗ್ಗಿಗೆ ಬಂದವರ
ಸಾಲು ಗಾಡಿಗಳ ನಡುವೆ, ಒದ್ದೆ ಹುಲ್ಲಿನ ಮೇಲೆ ಅಂಗಾತ ಮಲಗಿ
ಹಲ್ಲಿನಲ್ಲಿ ಟಾರ್ಚು ಕಚ್ಚಿಕೊಂಡಿದ್ದೇನೆ.

ಬಲ್ಬು ಬದಲಿಸಿದೆ. ಫ್ಯೂಸು ಬದಲಿಸಿದೆ.
ಒಂದು ಹೋಲ್ಡರಿನೊಳಗೆ ಕಣಜ ಕಟ್ಟಿದ್ದ ಮಣ್ಣಿನ ಮನೆ,
ಸ್ಕ್ರೂಡ್ರೈವರಿನಿಂದ ಒಕ್ಕಲೆಬ್ಬಿಸಿದೆ.
ಪ್ಲಗ್ಗಿನ ಏಳು ಪಿನ್ನುಗಳಿಗೂ ಹಸಿರು ಕಿಲುಬು,
ಉಪ್ಪುಕಾಗದ ಹಾಕಿ ತಿಕ್ಕಿದೆ, ಹಿತ್ತಾಳೆ ನಗುವ ತನಕ.
ಆದರೂ ಎಡಕ್ಕೆ ಹಾಕಿದರೆ ಬಲ.

ಪಕ್ಕದ ಗಾಡಿಯ ರೋಲ್ಯಾಂಡ್ ಬಂದು
ಕಾಫಿ ಕುಡಿಯುತ್ತ, ಇದನ್ನು ಸುಟ್ಟುಬಿಡು ಅಂದ.
ಟೆಕ್ಸಾಸಿನ ಎಫ್ರೈನ್ ಮಾತ್ರ ಕುಕ್ಕರಗಾಲಲ್ಲಿ ಕೂತು ಕೇಳಿದ:
ಕರೆಂಟು ಬರುವುದನ್ನೇ ನೋಡುತ್ತಿದ್ದೀಯಲ್ಲ,
ವಾಪಸು ಹೇಗೆ ಹೋಗುತ್ತದೆ?

ಬಂದ ದಾರಿಗೆ ಸುಂಕವಿಲ್ಲ ಅನ್ನುತ್ತಾರೆ.
ಸುಳ್ಳು.
ಮೀಟರಿನ ಮುಳ್ಳು ಪ್ಲಗ್ಗಿನಲ್ಲಿ ಹನ್ನೆರಡೂವರೆ,
ಬಲ್ಬಿನ ಎರಡು ತುದಿಗಳ ನಡುವೆ ಬರೀ ಏಳು.
ಉಳಿದದ್ದನ್ನು ಯಾರೋ ದಾರಿಯಲ್ಲಿ ಕೂತು ವಸೂಲಿ ಮಾಡುತ್ತಿದ್ದಾರೆ.
ಮನೆಗೆ ಹೋಗಲು ದಾರಿ ಸಿಗದ ಕರೆಂಟು
ಪಕ್ಕದ ದೀಪದ ಅಂಗಳ ಹಾದು ನುಸುಳುತ್ತಿದೆ,
ಅದಕ್ಕೇ ಆ ಕಣ್ಣುಹೊಡೆತ. ಪಾಪ, ಅದು ಪೋಲಿತನವಲ್ಲ.

ಬಿಳಿ ತಂತಿಯ ಬೆನ್ನು ಹಿಡಿದು ತೆವಳಿದೆ.
ಅಚ್ಚಿನ ಮೇಲೆ, ಅಡ್ಡಪಟ್ಟಿಯ ಕೆಳಗೆ,
ಇಲಿಗಳು ರುಚಿ ನೋಡಿ ಬಿಟ್ಟ ಜಾಗ ದಾಟಿ.
ಅಲ್ಲೊಂದು ಟೇಪು ಸುತ್ತಿದ ಗಂಟು, ಅದರ ಮೇಲೆ ಪೆನ್ಸಿಲಿನಲ್ಲಿ
"ದಯವಿಟ್ಟು ಇದನ್ನು ಮುಟ್ಟಬೇಡಿ".
ಯಾರು ಯಾರಿಗೆ ಬರೆದದ್ದೋ. ಅಕ್ಷರ ಓರೆ, ಆದರೆ ದುಂಡಗೆ.
ಅವನೂ, ಅಥವಾ ಅವಳೂ, ಇಲ್ಲೇ ಹೀಗೇ
ಬೆನ್ನು ತೋಯಿಸಿಕೊಂಡು, ಕೊನೆಗೊಮ್ಮೆ ಹೊತ್ತಿಕೊಂಡಾಗ
ಉಸಿರು ಬಿಗಿಹಿಡಿದು ಬರೆದಿರಬೇಕು.
ಮುಟ್ಟಲಿಲ್ಲ. ಅದು ಗಟ್ಟಿಯಾಗಿಯೇ ಇತ್ತು.

ಒಂದು ಗೇಣು ಆಚೆ, ಚೌಕಟ್ಟಿಗೆ ಬಿಗಿದ ಒಂದೇ ಒಂದು ಸ್ಕ್ರೂ.
ಯಾವನೋ ಅಚ್ಚುಕಟ್ಟಿನ ಮನುಷ್ಯ
ಚೌಕಟ್ಟಿನ ಜೊತೆ ಅದಕ್ಕೂ ಕಪ್ಪು ಬಣ್ಣ ಬಳಿದಿದ್ದ.
ಬಣ್ಣದ ಕೆಳಗೆ ತುಕ್ಕು, ತುಕ್ಕಿನ ಕೆಳಗೆ ತುಕ್ಕು.
ಬೆರಳು ತಾಗಿಸಿದೆ, ಉದುರಿತು.
ಅರ್ಥ್ ಇಲ್ಲದ್ದು ಅರ್ಥವಾಯಿತು.

ಅರ ಹಾಕಿ ಉಜ್ಜಿದೆ, ಬೆಳ್ಳಿ ಕಾಣುವವರೆಗೆ.
ಹೊಸ ವಾಷರು, ಹೊಸ ಸ್ಕ್ರೂ, ಮೇಲೊಂದು ಚಿಟಿಕೆ ಗ್ರೀಸು.
ಬ್ರೇಕ್ ಒತ್ತು, ಎಂದು ಕೂಗಿದೆ. ಟ್ರಕ್ಕಿನಲ್ಲಿದ್ದ ಎಫ್ರೈನ್ ಒತ್ತಿದ.

ನೆನೆದ ಹುಲ್ಲು, ನನ್ನ ಬೂಟು, ರೋಲ್ಯಾಂಡನ ಖಾಲಿ ಲೋಟ
ಎಲ್ಲ ಕೆಂಪಾಯಿತು.
ದೂರದಲ್ಲಿ ಬೀಟಿನ ರಾಶಿ, ಅದರ ಮೇಲೆ ಹಬೆ,
ಏಳು ಗಂಟೆಯ ಪಾಳಿಗೆ ಇನ್ನು ಹತ್ತೇ ನಿಮಿಷ.
ಸಿಂಕಿನ ಮೇಲಿನ ಬಲ್ಬು ಒಳಗೆ ಇನ್ನೂ ಮಿಣುಕುತ್ತಲೇ ಇದೆ,
ಅದರ ಕಥೆ ಬೇರೆ, ನಾಳೆಗಿರಲಿ.

ಕಾಲು ತೆಗೆಯಲಾ, ಎಂದು ಎಫ್ರೈನ್ ಕೂಗಿದ.
ಇರು, ಅಂದೆ.
ಇನ್ನೊಂದು ಸ್ವಲ್ಪ ಹೊತ್ತು ಇರು.